ತಾರಸಿ, ಹಿತ್ತಲಿನ ಟೆಲಿಸ್ಕೋಪಿಗೆ ವೈಫೈ ಮುಟ್ಟಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ತಾರಸಿಯಲ್ಲೋ ಹಿತ್ತಲಲ್ಲೋ ಟೆಲಿಸ್ಕೋಪ್ ಇಟ್ಟು, ಒಳಗೆ ಕುಳಿತು ಫೋನು ಅಥವಾ ಲ್ಯಾಪ್‌ಟಾಪಿನಿಂದ ಅದನ್ನು ನಡೆಸುವವರಿಗಾಗಿ ಈ ಪುಟ. ಎಎಸ್‌ಐಏರ್ (ಟೆಲಿಸ್ಕೋಪು, ಕ್ಯಾಮೆರಾ ನಡೆಸುವ ಪುಟ್ಟ ಕಂಪ್ಯೂಟರ್), ಮಿನಿ ಪಿಸಿ, ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಸೀಸ್ಟಾರ್ (ಎಲ್ಲವೂ ಒಳಗೇ ಇರುವ ಸ್ಮಾರ್ಟ್ ಟೆಲಿಸ್ಕೋಪ್) ಎಲ್ಲಕ್ಕೂ ಹೊಂದುವ ಉತ್ತರಗಳನ್ನೇ ಮುಖ್ಯವಾಗಿ ಕೊಟ್ಟಿದ್ದೇವೆ. ಟೆಲಿಸ್ಕೋಪಿನ ಬಳಿ ಇರುವ ಈ ಕಂಪ್ಯೂಟರನ್ನೇ ಮುಂದೆ ಪೆಟ್ಟಿಗೆ ಎಂದಿದ್ದೇವೆ. ಒಂದೇ ಉಪಕರಣದ ತಾಪತ್ರಯವಾದರೆ ಅದರ ಹೆಸರು ಹೇಳಿದ್ದೇವೆ.

ನಡುರಾತ್ರಿ ವೈಫೈ ಕಡಿದುಹೋದರೆ ಫೋಟೊ ತೆಗೆಯುವುದೂ ನಿಲ್ಲುತ್ತದೆಯೇ?

ಲೆಕ್ಕ ಮಾಡುವ ಕಂಪ್ಯೂಟರ್ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಅದು ಟೆಲಿಸ್ಕೋಪಿನ ಪಕ್ಕದಲ್ಲೇ ಇದ್ದು, ಕ್ಯಾಮೆರಾ, ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಯಂತ್ರ), ಗೈಡ್ ಕ್ಯಾಮೆರಾ (ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟಿನ ಓಟ ತಿದ್ದಲು ನೆರವಾಗುವುದು; ಈ ತಿದ್ದುವಿಕೆಯೇ ಗೈಡಿಂಗ್), ಫೋಕಸರ್ ಎಲ್ಲವೂ ಯುಎಸ್‌ಬಿ ಕೇಬಲಿನಲ್ಲಿ ಅದಕ್ಕೆ ಸೇರಿಕೊಂಡಿದ್ದರೆ ವೈಫೈ ಹೋದರೂ ಕೆಲಸ ನಿಲ್ಲುವುದಿಲ್ಲ. ಎಎಸ್‌ಐಏರ್‌ನಲ್ಲಿ ಆಟೋರನ್ ಅಥವಾ ಪ್ಲ್ಯಾನ್ (ಸಾಲಾಗಿ ತಾನೇ ಫೋಟೊ ತೆಗೆಯುವ ಆಯ್ಕೆಗಳು) ಶುರುವಾದ ಮೇಲೆ ಫೋನು ಸ್ವಿಚ್ ಆಫ್ ಆದರೂ ಗೈಡಿಂಗ್ ನಡೆಯುತ್ತದೆ, ಫೈಲುಗಳು ಅದರ ಕಾರ್ಡಿಗೆ ಬೀಳುತ್ತವೆ. ಮಿನಿ ಪಿಸಿಯಲ್ಲಿ ನೀನಾ (ಆಕಾಶದ ಫೋಟೊ ತೆಗೆಯಲು ಬಳಸುವ ತಂತ್ರಾಂಶ) ಓಡುತ್ತಿದ್ದರೂ ಹಾಗೆಯೇ.

ಲ್ಯಾಪ್‌ಟಾಪ್ ಒಳಗಿದ್ದು ಮೌಂಟಿಗೆ ವೈಫೈ ಮೂಲಕ ಗೈಡಿಂಗ್ ಆಜ್ಞೆ ಹೋಗುತ್ತಿದ್ದರೆ ಕತೆಯೇ ಬೇರೆ. ಅಲ್ಲಿ ಎರಡು ಸೆಕೆಂಡ್ ತಡವಾದರೂ ಫೋಟೊದಲ್ಲಿ ನಕ್ಷತ್ರಗಳು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತವೆ. ಹಾಗಾಗಿ ಸಿಗ್ನಲ್ ಹೆಚ್ಚಿಸುವುದಕ್ಕೆ ದುಡ್ಡು ಹಾಕುವ ಮೊದಲು ಕಂಪ್ಯೂಟರನ್ನು ಟೆಲಿಸ್ಕೋಪಿನ ಬುಡಕ್ಕೆ ಸಾಗಿಸಿ. ವೈಫೈ ಬರೀ ಇಣುಕುವ ಕಿಟಕಿಯಾಗಿರಲಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಕ್ಷಣಕ್ಷಣದ ಟ್ರ್ಯಾಕಿಂಗ್ ತಿದ್ದುವ ಕೆಲಸವನ್ನು ಅಷ್ಟು ದೂರದ ಕೊಂಡಿಗೆ ಯಾರೂ ವಹಿಸುವುದಿಲ್ಲ. ನಮ್ಮ ಒಂದು ಮಹಡಿಯ ದೂರಕ್ಕೂ ಅದೇ ಬುದ್ಧಿ ಸಾಕು.

ಹಾಗಾದರೆ ಎಷ್ಟು ವೇಗ ಬೇಕು?

ಬರೀ ನಿಯಂತ್ರಣಕ್ಕೆ, ಗ್ರಾಫ್ ನೋಡುವುದಕ್ಕೆ 2 ರಿಂದ 5 ಎಂಬಿಪಿಎಸ್ ಸಾಕು. ಪೂರ್ತಿ ಫೈಲುಗಳನ್ನು ಆಗಿಂದಾಗ್ಗೆ ಒಳಗಿನ ಕಂಪ್ಯೂಟರಿಗೆ ಎಳೆಯಲು ಹೊರಟಾಗಲೇ ಪೇಚು. 26 ಮೆಗಾಪಿಕ್ಸೆಲ್‌ನ ಎಎಸ್‌ಐ2600 ಕ್ಯಾಮೆರಾದ ಒಂದು ಫೈಲು ಸುಮಾರು 52 ಎಂಬಿ (6248 × 4176 ಪಿಕ್ಸೆಲ್, ಒಂದೊಂದಕ್ಕೆ 2 ಬೈಟ್). 20 ಎಂಬಿಪಿಎಸ್‌ನಲ್ಲಿ ಇದಕ್ಕೆ 21 ಸೆಕೆಂಡ್. ಸಿಗ್ನಲ್ ಸೊರಗಿ 2 ಎಂಬಿಪಿಎಸ್‌ಗೆ ಇಳಿದರೆ 210 ಸೆಕೆಂಡ್, ಅಂದರೆ 180 ಸೆಕೆಂಡಿನ ಎಕ್ಸ್‌ಪೋಷರ್‌ಗಿಂತಲೂ ಹೆಚ್ಚು. ಸಾಲು ಬೆಳೆಯುತ್ತಲೇ ಹೋಗುತ್ತದೆ. 9 ಮೆಗಾಪಿಕ್ಸೆಲ್‌ನ ಎಎಸ್‌ಐ533 ಆದರೆ ಒಂದು ಫೈಲು 18 ಎಂಬಿ, ಇಷ್ಟು ಕಷ್ಟವಿಲ್ಲ.

ರಾತ್ರಿ ಫೈಲುಗಳನ್ನು ಅಲ್ಲೇ ಕಾರ್ಡಿನಲ್ಲೋ ಪೆನ್‌ಡ್ರೈವಿನಲ್ಲೋ ಉಳಿಸಿ, ಬೆಳಿಗ್ಗೆ ಕಿತ್ತು ತಂದು ನಕಲು ಮಾಡಿ. 80 ಫ್ರೇಮುಗಳ ಒಂದು ರಾತ್ರಿಗೆ 4 ಜಿಬಿ ಮೀರುತ್ತದೆ. ಒಳ್ಳೆಯ 20 ಎಂಬಿಪಿಎಸ್ ವೈಫೈಗೂ ಇದು ಅರ್ಧ ಗಂಟೆಯ ಕೆಲಸ.

ಸಿಗ್ನಲ್ ಎಷ್ಟಿದೆ ಎಂದು ಅಳೆಯುವುದು ಹೇಗೆ? ಫೋನಿನಲ್ಲಿ ಎರಡು ಕಡ್ಡಿ ಕಾಣುತ್ತಿದೆ.

ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿ, ಡಿಬಿಎಂ (ಸಿಗ್ನಲಿನ ಬಲದ ಅಳತೆ) ಅಂಕಿ ನೋಡಿ. ಐಫೋನಿನಲ್ಲಿ ಆಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್‌ನ ಒಳಗೆ ವೈಫೈ ಸ್ಕ್ಯಾನರ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಬೇಕು. ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −50 ಅಂದರೆ ಭರ್ಜರಿ. −65ರವರೆಗೆ ಚಿಂತೆ ಬೇಡ. −70ರಲ್ಲಿ ನಿಯಂತ್ರಣ ನಡೆಯುತ್ತದೆ, ಫೈಲು ತೆವಳುತ್ತದೆ. −80ಕ್ಕೆ ಹೋದರೆ ಕಡಿಯುತ್ತಲೇ ಇರುತ್ತದೆ.

ಫೋನನ್ನು ಟೆಲಿಸ್ಕೋಪಿನ ಪೆಟ್ಟಿಗೆ ಇರುವ ಜಾಗದಲ್ಲೇ ಹಿಡಿದು ಅಳೆಯಿರಿ, ನೀವು ನಿಂತ ಜಾಗದಲ್ಲಲ್ಲ. ನಿಮ್ಮ ಮೈಯೇ ಸಿಗ್ನಲ್ ನುಂಗುತ್ತದೆ, ಒಂದು ಸುತ್ತು ತಿರುಗಿ ನೋಡಿದರೆ ಗೊತ್ತಾಗುತ್ತದೆ. ಅಳತೆ ರಾತ್ರಿ 9ರ ಹೊತ್ತಿಗೆ ಮಾಡಿ. ಹಗಲು ಎಲ್ಲರೂ ಕೆಲಸಕ್ಕೆ ಹೋದಾಗ ಚೆನ್ನಾಗಿದ್ದ ಚಾನೆಲ್, ರಾತ್ರಿ ಅಕ್ಕಪಕ್ಕದ ಮನೆಗಳ ಟಿವಿಗಳೆಲ್ಲ ಹೊತ್ತಿಕೊಂಡಾಗ ಗಿಜಿಗುಟ್ಟುತ್ತದೆ.

ಇನ್ನೊಂದು ಪರೀಕ್ಷೆ ಪಿಂಗ್, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡುವುದು. ಲ್ಯಾಪ್‌ಟಾಪಿನಿಂದ ಟೆಲಿಸ್ಕೋಪ್ ಪೆಟ್ಟಿಗೆಯ ಐಪಿ ವಿಳಾಸಕ್ಕೆ ಐದು ನಿಮಿಷ ನಿಲ್ಲದೆ ಪಿಂಗ್ ಮಾಡಿ. ಉತ್ತರ 2 ರಿಂದ 10 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದರೆ ಸರಿ. ಆಗಾಗ 300, 800 ಎಂದು ಜಿಗಿದರೆ, ನಡುವೆ ಉತ್ತರವೇ ಬರದಿದ್ದರೆ, ಡಿಬಿಎಂ ಚೆನ್ನಾಗಿದ್ದರೂ ಗದ್ದಲ ಜಾಸ್ತಿಯಿದೆ ಎಂದರ್ಥ. ಸಿಗ್ನಲ್ ಕೊರತೆಗೂ ಗದ್ದಲಕ್ಕೂ ಮದ್ದು ಬೇರೆ ಬೇರೆ.

ರೂಟರ್ ನೇರ ಕೆಳಗಿನ ಕೋಣೆಯಲ್ಲಿದೆ, ತಾರಸಿಗೆ ಹತ್ತು ಅಡಿಯೂ ಇಲ್ಲ. ಆದರೂ ಏಕೆ ಸಿಗುತ್ತಿಲ್ಲ?

ಎರಡು ಕಾರಣ. ಮೊದಲನೆಯದು ಆರ್‌ಸಿಸಿ ಸ್ಲ್ಯಾಬ್. ಐದಾರು ಇಂಚಿನ ಕಾಂಕ್ರೀಟು, ಅದರೊಳಗೆ ಕಬ್ಬಿಣದ ಸರಳುಗಳ ಜಾಲರಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂಟಿಮೀಟರ್. ಸರಳುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಜಾಲರಿ ಒಂದಷ್ಟನ್ನು ವಾಪಸು ಎಸೆಯುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಸ್ಲ್ಯಾಬ್ ನೀರು ಕುಡಿದಿರುತ್ತದೆ, ಆಗ ಇನ್ನೂ ಹೆಚ್ಚು ನುಂಗುತ್ತದೆ.

ಎರಡನೆಯದು ಯಾರೂ ಗಮನಿಸದ್ದು. ರೂಟರಿನ ಕಡ್ಡಿ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುವುದಿಲ್ಲ. ಅದರ ಸಿಗ್ನಲಿನ ಆಕಾರ ಉದ್ದಿನ ವಡೆಯಂತೆ: ಕಡ್ಡಿ ವಡೆಯ ತೂತಿನಲ್ಲಿ ನಿಂತಿರುತ್ತದೆ, ಸುತ್ತಲೂ ಸಿಗ್ನಲ್ ದಪ್ಪ, ತುದಿಯ ನೇರಕ್ಕೆ ಖಾಲಿ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದ್ದರೆ ನಿಮ್ಮ ಟೆಲಿಸ್ಕೋಪ್ ಸರಿಯಾಗಿ ಆ ತೂತಿನ ಮೇಲಿದೆ! ಒಂದು ಕಡ್ಡಿಯನ್ನು ಅಡ್ಡಕ್ಕೆ ಮಲಗಿಸಿ ಅಳೆದು ನೋಡಿ. ಖರ್ಚಿಲ್ಲದ ರಿಪೇರಿಗಳಲ್ಲಿ ಇದೇ ಮೊದಲು.

ಅದಾದ ಮೇಲೆ ರೂಟರನ್ನು ಮೆಟ್ಟಿಲಿನ ಬಳಿಗೆ ತನ್ನಿ. ಮೆಟ್ಟಿಲಿನ ಕಿಂಡಿಯಲ್ಲಿ ಸ್ಲ್ಯಾಬ್ ಇಲ್ಲ, ಸಿಗ್ನಲ್ ಅಲ್ಲಿಂದ ಸಲೀಸಾಗಿ ಹತ್ತುತ್ತದೆ. ತಾರಸಿಯ ಬಾಗಿಲು ಕಬ್ಬಿಣದ ತಗಡಿನದಾದರೆ ಅದನ್ನು ತೆರೆದಿಡಬೇಕು. ನಡುವೆ ತುಂಬಿದ ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರ್, ಜಿಐ ಶೀಟಿನ ಚಾವಣಿ ಬಾರದಂತೆ ನೋಡಿಕೊಳ್ಳಿ.

ಟೆಲಿಸ್ಕೋಪನ್ನೇ ಸಿಗ್ನಲ್ ಇರುವ ಮೂಲೆಗೆ ಸರಿಸಬಾರದೇ ಎಂದರೆ, ಕರ್ನಾಟಕದಲ್ಲಿ ಅದು ಅಷ್ಟು ಸುಲಭವಲ್ಲ. ಬೆಂಗಳೂರಿನಿಂದ ಧ್ರುವ ನಕ್ಷತ್ರ ಕಾಣುವುದು ಸುಮಾರು 13 ಡಿಗ್ರಿ ಎತ್ತರದಲ್ಲಿ ಮಾತ್ರ, ಬೀದರಿನಲ್ಲೂ 18 ಡಿಗ್ರಿ ಆಸುಪಾಸು. ಉತ್ತರದ ಕಡೆ ಪಕ್ಕದ ಕಟ್ಟಡ, ಟ್ಯಾಂಕು ಇಲ್ಲದ ಒಂದೇ ಒಂದು ಜಾಗ ತಾರಸಿಯಲ್ಲಿ ಸಿಕ್ಕರೆ ಪುಣ್ಯ. ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸುವುದು) ಜಾಗವನ್ನು ನಿರ್ಧರಿಸುತ್ತದೆ, ವೈಫೈ ಅದರ ಹಿಂದೆ ಬರಬೇಕು.

2.4 ಹಾಕಬೇಕೋ 5 ಗಿಗಾಹರ್ಟ್ಸ್ ಹಾಕಬೇಕೋ?

ಗೋಡೆ, ಸ್ಲ್ಯಾಬ್ ದಾಟಬೇಕಾದರೆ 2.4. ಕಣ್ಣಿಗೆ ಕಾಣುವ ದೂರದಲ್ಲಿ, ಅಡ್ಡ ಏನೂ ಇಲ್ಲದಿದ್ದರೆ 5. ಬಯಲಿನಲ್ಲೇ ಅದೇ ದೂರಕ್ಕೆ 5 ಗಿಗಾಹರ್ಟ್ಸ್ ಸುಮಾರು 7 ಡಿಬಿ ಕಡಿಮೆ ಮುಟ್ಟುತ್ತದೆ, ಗೋಡೆ ಬಂದರೆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ದೂರ ಎರಡರಷ್ಟಾದರೆ ಬಯಲಿನಲ್ಲಿ 6 ಡಿಬಿ ನಷ್ಟ ಎಂಬ ಲೆಕ್ಕ ನೆನಪಿಟ್ಟುಕೊಂಡರೆ ಅಂದಾಜು ಸುಲಭ.

ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಈ ಸೂತ್ರ ತಲೆಕೆಳಗಾಗಬಹುದು. ಅನಲೈಸರಿನಲ್ಲಿ 2.4ರಲ್ಲಿ ಮೂವತ್ತು ನಲವತ್ತು ಹೆಸರುಗಳು ಕಂಡರೆ, ತಾರಸಿಯಲ್ಲೇ ಒಂದು 5 ಗಿಗಾಹರ್ಟ್ಸ್ ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಸಾಧನ) ಇಡುವುದೇ ಮೇಲು.

2.4ರಲ್ಲಿ ಚಾನೆಲ್ 1, 6, 11 ಇವುಗಳಲ್ಲಿ ಕಡಿಮೆ ಜನ ಇರುವುದನ್ನು ಕೈಯಾರೆ ಆರಿಸಿ, ಆಟೋ ಬೇಡ. ರಾತ್ರಿ ರೂಟರ್ ತಾನಾಗಿ ಚಾನೆಲ್ ಬದಲಿಸಿದಾಗ ಪೆಟ್ಟಿಗೆ ಕಳಚಿಕೊಳ್ಳುತ್ತದೆ. ಅಗಲ 20 ಮೆಗಾಹರ್ಟ್ಸ್ ಇರಲಿ, 40 ಬೇಡ. ಚಾನೆಲ್ 12, 13 ನಮ್ಮಲ್ಲಿ ಬಳಸಬಹುದಾದರೂ ಅಮೆರಿಕದ ಮಾರುಕಟ್ಟೆಗೆ ಮಾಡಿದ ಉಪಕರಣಗಳಿಗೆ ಅವು ಕಾಣದೇ ಇರಬಹುದು. 5ರಲ್ಲಿ 36 ರಿಂದ 48, ಅಥವಾ 149 ರಿಂದ 161. ನಡುವಿನ 52 ರಿಂದ 144 ರೇಡಾರಿಗೆ ದಾರಿ ಬಿಡಬೇಕಾದ ಚಾನೆಲ್‌ಗಳು. ರೇಡಾರ್ ಸುಳಿವು ಸಿಕ್ಕರೆ ರೂಟರ್ ಹೇಳದೆ ಕೇಳದೆ ಜಾಗ ಖಾಲಿ ಮಾಡುತ್ತದೆ.

ಅರ್ಧ ರಾತ್ರಿ ಚೆನ್ನಾಗಿತ್ತು, ಮೆರಿಡಿಯನ್ ಫ್ಲಿಪ್ ಆದ ಮೇಲೆ ಸಿಗ್ನಲ್ಲೇ ಹೋಯಿತು. ಏಕೆ?

ಗುರಿ ನೆತ್ತಿಯ ಉತ್ತರ-ದಕ್ಷಿಣ ರೇಖೆ ದಾಟಿದಾಗ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ತಿರುಗಿಸುವುದೇ ಮೆರಿಡಿಯನ್ ಫ್ಲಿಪ್. ಪೆಟ್ಟಿಗೆ ಟೆಲಿಸ್ಕೋಪಿನ ಕೊಳವೆಯ ಬೆನ್ನ ಮೇಲೆ ಕೂತಿದೆ. ಫ್ಲಿಪ್ ಆದಾಗ ಅದು ಮೌಂಟಿನ ಇನ್ನೊಂದು ಬದಿಗೆ ಹೋಗುತ್ತದೆ. ಈಗ ರೂಟರಿಗೂ ಅದಕ್ಕೂ ನಡುವೆ ಅಲ್ಯೂಮಿನಿಯಂ ಕೊಳವೆ, ಮೌಂಟಿನ ತಲೆ, ಸಮತೋಲಕ್ಕೆ ಹಾಕಿದ ಭಾರದ ಕಬ್ಬಿಣ. ಆಂಟೆನಾ ಕೂಡ ವಾಲಿರುತ್ತದೆ, ಎರಡು ತುದಿಯ ಆಂಟೆನಾಗಳು ಒಂದು ನಿಂತು ಒಂದು ಮಲಗಿದರೆ ಸಿಗ್ನಲ್ ಇನ್ನಷ್ಟು ಇಳಿಯುತ್ತದೆ.

ವೈಫೈ ಮಾಡುವ ವಸ್ತುವನ್ನು ತಿರುಗದ ಜಾಗಕ್ಕೆ ತನ್ನಿ. ಪೆಟ್ಟಿಗೆಯನ್ನೇ ಟ್ರೈಪಾಡಿನ ಕಾಲಿಗೆ ಕಟ್ಟಬಹುದು, ಆದರೆ ಯುಎಸ್‌ಬಿ ಕೇಬಲುಗಳು ಉದ್ದವಾಗುತ್ತವೆ; ಯುಎಸ್‌ಬಿ 3 ಕೇಬಲ್ 3 ಮೀಟರ್ ಮೀರಬಾರದು. ಇನ್ನೂ ಒಳ್ಳೆಯದು, ಪೆಟ್ಟಿಗೆ ಮೇಲೆಯೇ ಇರಲಿ, ಅದರಿಂದ ಎರಡು ಮೀಟರಿನ ತೆಳು ಈಥರ್ನೆಟ್ ಕೇಬಲ್ ಇಳಿಸಿ ಟ್ರೈಪಾಡಿನ ಬುಡದಲ್ಲಿ ಒಂದು ಪುಟ್ಟ ರೂಟರ್ ಇಡಿ. ಎಎಸ್‌ಐಏರ್ ಪ್ಲಸ್‌ಗೆ ಈಥರ್ನೆಟ್ ಪೋರ್ಟ್ ಇದೆ, ಎಎಸ್‌ಐಏರ್ ಮಿನಿಗೆ ಇಲ್ಲ. ಕೊಳ್ಳುವಾಗಲೇ ಯೋಚಿಸಬೇಕಾದ ವಿಷಯವಿದು. ಹಳೆಯ ಎಎಸ್‌ಐಏರ್ ಪ್ರೊ ಮಾದರಿಯದು ಲೋಹದ ಕವಚ, ಆಂಟೆನಾ ಒಳಗೇ. ಅದರ ವೈಫೈಯನ್ನು ಸುಧಾರಿಸಲು ಹೋಗಬೇಡಿ, ಕೇಬಲ್ ಚುಚ್ಚಿಬಿಡಿ.

ಬೆಳ್ಳಿ ಬಣ್ಣದ ಹೊದಿಕೆಯ ಮಾತೂ ಇಲ್ಲೇ ಹೇಳಬೇಕು. ಬಿಸಿಲು ತಡೆಯುವ ಅಲ್ಯೂಮಿನಿಯಂ ಲೇಪದ ಕವರ್ ಮುಚ್ಚಿದರೆ ವೈಫೈಯೂ ಒಳಗೇ ಉಳಿಯುತ್ತದೆ. ಹಗಲು ಡಾರ್ಕ್ ಫ್ರೇಮ್ (ಕ್ಯಾಮೆರಾದ ಗದ್ದಲ ಕಳೆಯಲು ಬೆಳಕಿಲ್ಲದೆ ತೆಗೆಯುವ ಫೋಟೊ) ತೆಗೆಯಲೆಂದು ಮುಚ್ಚಿಟ್ಟು "ಪೆಟ್ಟಿಗೆ ಸತ್ತಿದೆ" ಎಂದು ಗಾಬರಿಯಾಗುವವರು ಇದನ್ನೊಮ್ಮೆ ತೆಗೆದು ನೋಡಿ.

ಕ್ಯಾಮೆರಾ ಚುಚ್ಚಿದ ತಕ್ಷಣ ವೈಫೈ ಹಾಳಾಗುತ್ತದೆ. ಕಾಕತಾಳೀಯವೇ?

ಅಲ್ಲ. ಯುಎಸ್‌ಬಿ 3ರ ಮಾಹಿತಿ ಓಡುವಾಗ ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ಪ್ರಬಂಧ ಹೊರಡಿಸಿತ್ತು. ಸೋರುವುದು ಕೇಬಲಿಗಿಂತ ಹೆಚ್ಚಾಗಿ ಕನೆಕ್ಟರುಗಳಲ್ಲಿ, ಅಗ್ಗದ ಹಬ್‌ಗಳಲ್ಲಿ. ಪತ್ತೆ ಸುಲಭ: ಪಿಂಗ್ ಓಡಿಸುತ್ತ ಕ್ಯಾಮೆರಾ ಕಿತ್ತು ಹಾಕಿ, ಅಂಕಿ ಬದಲಾಗುತ್ತದೋ ನೋಡಿ.

ಬದಲಾದರೆ ಪೆಟ್ಟಿಗೆಯನ್ನು 5 ಗಿಗಾಹರ್ಟ್ಸ್‌ಗೆ ತಿರುಗಿಸಿ. ಆಗದಿದ್ದರೆ ಚೆನ್ನಾಗಿ ಕವಚವಿರುವ, ಗಿಡ್ಡ ಕೇಬಲ್ ಹಾಕಿ ಆಂಟೆನಾವನ್ನು ಕನೆಕ್ಟರಿನಿಂದ ಒಂದಡಿಯಾದರೂ ದೂರವಿಡಿ. ಗೈಡ್ ಕ್ಯಾಮೆರಾ, ಫೋಕಸರ್, ಫಿಲ್ಟರ್ ವೀಲುಗಳಿಗೆ ಯುಎಸ್‌ಬಿ 2 ಸಾಕು. ನೀಲಿ ಪೋರ್ಟು ಖಾಲಿ ಇದೆಯೆಂದು ಅವನ್ನೂ ಅಲ್ಲಿಗೆ ಚುಚ್ಚಬೇಡಿ. ಪುಟ್ಟ ಯುಎಸ್‌ಬಿ ವೈಫೈ ಡಾಂಗಲನ್ನು ಕ್ಯಾಮೆರಾದ ಪಕ್ಕದ ಪೋರ್ಟಿಗೆ ಹಾಕುವುದು ಈ ಸಮಸ್ಯೆಯನ್ನು ಕರೆದು ಕೂರಿಸಿಕೊಂಡಂತೆ. ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಹಾಕಿ ದೂರ ತನ್ನಿ.

ಪೆಟ್ಟಿಗೆಯದೇ ಹಾಟ್‌ಸ್ಪಾಟ್ ಹಿಡಿಯುವುದೋ, ಮನೆಯ ವೈಫೈಗೆ ಅದನ್ನು ಸೇರಿಸುವುದೋ?

ಟೆಲಿಸ್ಕೋಪಿನ ಪಕ್ಕ ನಿಂತು ಪೋಲಾರ್ ಅಲೈನ್‌ಮೆಂಟ್ ಮಾಡುವಾಗ ಪೆಟ್ಟಿಗೆಯದೇ ಹಾಟ್‌ಸ್ಪಾಟ್ ಚುರುಕು. ಮೌಂಟಿನ ತಿರುಪು ತಿರುಗಿಸಿ ಪರದೆ ನೋಡುವಾಗ ತಡವಾದರೆ ತಲೆ ಕೆಡುತ್ತದೆ. ಒಳಗೆ ಹೋಗಿ ಕೂತ ಮೇಲೆ ಸ್ಟೇಷನ್ ಮೋಡ್ ಬೇಕು, ಅಂದರೆ ಪೆಟ್ಟಿಗೆಯೇ ಮನೆಯ ವೈಫೈಗೆ ಸೇರಬೇಕು. ಎಎಸ್‌ಐಏರ್‌ನಲ್ಲಿ ಮೊದಲು ಅದರ ಹಾಟ್‌ಸ್ಪಾಟಿಗೆ ಸೇರಿ (ಮೊದಲ ಪಾಸ್‌ವರ್ಡ್ 12345678, ಕೂಡಲೇ ಬದಲಿಸಿ, ವಿಳಾಸ 10.0.0.1), ವೈಫೈ ಸೆಟ್ಟಿಂಗಿನಲ್ಲಿ ಸ್ಟೇಷನ್ ಮೋಡ್ ಆನ್ ಮಾಡಿ ಮನೆಯ ವೈಫೈ ಆರಿಸಿ, ಆಮೇಲೆ ಫೋನನ್ನೂ ಮನೆಯ ವೈಫೈಗೆ ಬದಲಿಸಿ.

ಸ್ಟೇಷನ್ ಮೋಡಿನಲ್ಲಿ ಒಂದೊಂದು ಚಿತ್ರವೂ ಗಾಳಿಯಲ್ಲಿ ಎರಡು ಸಲ ಓಡಾಡುತ್ತದೆ: ಪೆಟ್ಟಿಗೆಯಿಂದ ರೂಟರಿಗೆ, ರೂಟರಿನಿಂದ ಫೋನಿಗೆ. ಎರಡೂ ಒಂದೇ ಚಾನೆಲಿನಲ್ಲಾದರೆ ವೇಗ ಅರ್ಧ. ಒಂದು ಕಡೆಗಾದರೂ ಕೇಬಲ್ ಎಳೆಯಿರಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಮನೆಯ ವೈಫೈ ಎಂದರೆ ಗೆಸ್ಟ್ ನೆಟ್‌ವರ್ಕ್ ಅಲ್ಲ. ಗೆಸ್ಟ್‌ನಲ್ಲಿ ಉಪಕರಣಗಳು ಒಂದನ್ನೊಂದು ನೋಡದಂತೆ ತಡೆ ಇರುತ್ತದೆ. ಎಪಿ ಐಸೊಲೇಷನ್ ಎಂಬ ಆಯ್ಕೆ ಆನ್ ಆಗಿದ್ದರೂ ಇದೇ ಗತಿ.

ಫೋನು ಪದೇ ಪದೇ ಹಾಟ್‌ಸ್ಪಾಟ್ ಬಿಟ್ಟು ಓಡುತ್ತದೆ.

ಆ ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಫೋನು ತಾನೇ ಜಾಣತನ ತೋರಿಸಿ ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ. ಆಂಡ್ರಾಯ್ಡ್ "ಇಂಟರ್ನೆಟ್ ಇಲ್ಲ, ಆದರೂ ಇರಲೇ" ಎಂಬರ್ಥದಲ್ಲಿ ಕೇಳಿದಾಗ ಹೌದು ಎನ್ನಿ. ಐಫೋನಿನಲ್ಲಿ ವೈಫೈ ಅಸಿಸ್ಟ್ ಆಫ್ ಮಾಡಿ, ಆ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿದ್ದೀರಾ ನೋಡಿ. ವಿಪಿಎನ್ ಇದ್ದರೆ ಆಫ್. ಬ್ಯಾಟರಿ ಉಳಿಸುವ ಮೋಡೂ ಆಫ್.

ರಿಪೀಟರ್ ಅಥವಾ ಎಕ್ಸ್‌ಟೆಂಡರ್ ಸಾಕಲ್ಲವೇ?

ನಿಯಂತ್ರಣಕ್ಕಷ್ಟೇ ಆದರೆ ಸಾಕಾಗಬಹುದು. ಒಂದೇ ರೇಡಿಯೊ ಇರುವ ಅಗ್ಗದ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲಿನಲ್ಲಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಹೆಚ್ಚಿನವರು ಮಾಡುವ ತಪ್ಪು ಅದನ್ನು ಟೆಲಿಸ್ಕೋಪಿನ ಪಕ್ಕದಲ್ಲೇ ಇಡುವುದು. ಅಲ್ಲಿ ಬರುವ ಸಿಗ್ನಲ್ಲೇ −80 ಇದ್ದರೆ ರಿಪೀಟರ್ ಹಂಚುವುದಾದರೂ ಏನನ್ನು? ಸಿಗ್ನಲ್ ಇನ್ನೂ −60ರ ಆಸುಪಾಸು ಇರುವ ನಡುದಾರಿಯಲ್ಲಿ, ಸಾಮಾನ್ಯವಾಗಿ ಮೆಟ್ಟಿಲಿನ ತಿರುವಿನಲ್ಲಿ, ಅದನ್ನು ಚುಚ್ಚಿ.

ಮೆಶ್ ವ್ಯವಸ್ಥೆಯೂ (ಹಲವು ರೂಟರುಗಳು ಸೇರಿ ಒಂದೇ ವೈಫೈ ಹಂಚುವುದು) ತಂತಿಯಿಲ್ಲದೆ ಕೊಂಡಿ ಹಾಕಿದರೆ ಇದೇ ನಿಯಮಕ್ಕೆ ಒಳಪಟ್ಟದ್ದು. ಹಿಂಬದಿಯ ಸಂಪರ್ಕಕ್ಕೆ ಪ್ರತ್ಯೇಕ ರೇಡಿಯೊ ಇರುವ ಮಾದರಿ ಪರವಾಗಿಲ್ಲ.

ಸರಿ, ಕೇಬಲೇ ಎಳೆಯುತ್ತೇನೆ. ಏನೇನು ಬೇಕು, ಹೇಗೆ ಮಾಡಬೇಕು?

ಹೊರಾಂಗಣಕ್ಕೆಂದೇ ಮಾಡಿದ ಕ್ಯಾಟ್ 6 ಅಥವಾ ಕ್ಯಾಟ್ 5ಇ ಕೇಬಲ್, ಪೂರ್ತಿ ತಾಮ್ರದ್ದು. ಸಿಸಿಎ ಎಂದು ಬರೆದಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬೇಡ. ಮಡಚಿದಲ್ಲಿ ಮುರಿಯುತ್ತದೆ, ವಿದ್ಯುತ್ತನ್ನೂ ಸಾಗಿಸುವಾಗ ನಷ್ಟ ಹೆಚ್ಚು. ಒಂದು ಮಹಡಿಗೆ 20 ಮೀಟರ್ ಬೇಕಾಗುತ್ತದೆ. ನೆಟ್ಟಗೆ ಅಳೆದರೆ 6 ಮೀಟರ್ ಇದ್ದರೂ ಕಿಟಕಿ, ಸಜ್ಜಾ, ಪ್ಯಾರಪೆಟ್ ಸುತ್ತಿ ಬರುವಾಗ ನುಂಗಿಬಿಡುತ್ತದೆ. ಒಳಗಿನ ಬಿಳಿ ಕೇಬಲ್ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಸೀಳುತ್ತದೆ. ಇದ್ದದ್ದನ್ನೇ ಬಳಸಬೇಕಾದರೆ ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ ತೂರಿಸಿ. ಕರೆಂಟಿನ ವೈರು ಹೋಗುವ ಪೈಪಿನಲ್ಲೇ ತೂರಿಸಬೇಡಿ.

ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ರೂಟರ್ ಇದ್ದೇ ಇರುತ್ತದೆ. ಅದನ್ನು ತಾರಸಿಯ ಆಕ್ಸೆಸ್ ಪಾಯಿಂಟ್ ಮಾಡುವ ಕ್ರಮ ಹೀಗೆ. ಮೊದಲು ಅದನ್ನು ಲ್ಯಾಪ್‌ಟಾಪಿಗೆ ಮಾತ್ರ ಚುಚ್ಚಿ, ರೀಸೆಟ್ ಮಾಡಿ, ಒಳಹೊಕ್ಕು ಅದರ ವಿಳಾಸ ಬದಲಿಸಿ. ಮನೆಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ನಂತರ ಡಿಎಚ್‌ಸಿಪಿ (ಉಪಕರಣಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ವೈಫೈಗೆ ಬೇರೆಯದೇ ಹೆಸರು, ಬೇರೆ ಚಾನೆಲ್ ಕೊಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ಇದರ ಲ್ಯಾನ್ ಪೋರ್ಟಿಗೆ ಚುಚ್ಚಿ, ವ್ಯಾನ್ ಪೋರ್ಟಿಗೆ ಅಲ್ಲ. ವ್ಯಾನ್‌ಗೆ ಚುಚ್ಚಿದರೆ ತಾರಸಿಯದು ಬೇರೆಯೇ ನೆಟ್‌ವರ್ಕ್ ಆಗಿಬಿಡುತ್ತದೆ. ಇಂಟರ್ನೆಟ್ ಬರುತ್ತದೆ, ಆದರೆ ಕೆಳಗಿನ ಫೋನಿಗೆ ಟೆಲಿಸ್ಕೋಪ್ ಕಾಣುವುದಿಲ್ಲ. "ಎಲ್ಲ ಸರಿ ಇದೆ, ಆದರೂ ಸಿಗುತ್ತಿಲ್ಲ" ಎಂಬ ದೂರುಗಳಿಗೆ ಬಹುತೇಕ ಇದೇ ಕಾರಣ.

ಬೇರೆ ಹೆಸರು ಏಕೆಂದರೆ, ಒಂದೇ ಹೆಸರಿದ್ದರೆ ಪೆಟ್ಟಿಗೆ ಪಕ್ಕದ ಬಲವಾದ ಸಿಗ್ನಲ್ ಬಿಟ್ಟು ಕೆಳಗಿನ ಸೊರಗಿದ್ದಕ್ಕೇ ಅಂಟಿಕೊಂಡಿರಬಹುದು.

ಈಥರ್ನೆಟ್ ಪೋರ್ಟ್ ಇರುವ ಪೆಟ್ಟಿಗೆಯಾದರೆ ಅದನ್ನೂ ಈ ರೂಟರಿಗೆ ತಂತಿಯಲ್ಲೇ ಸೇರಿಸಿ. ಅಲ್ಲಿಗೆ ಗಾಳಿಯಲ್ಲಿ ಉಳಿಯುವುದು ಫೋನಿನ ಒಂದು ನೆಗೆತ ಮಾತ್ರ. ಕತ್ತಲಲ್ಲಿ ಎಡವದಂತೆ ಕೇಬಲನ್ನು ಪ್ಯಾರಪೆಟ್ ಅಂಚಿಗೆ ಕಟ್ಟಿ.

ಕರೆಂಟಿನ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್?

ಎರಡೂ ಪ್ಲಗ್ ಒಂದೇ ಫೇಸಿನಲ್ಲಿದ್ದರೆ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಒಂದು ಪ್ಲಗ್ ಇನ್ವರ್ಟರ್ ಲೈನಿನಲ್ಲಿ, ತಾರಸಿಯದು ನೇರ ಲೈನಿನಲ್ಲಿ ಇರುವುದೇ ಹೆಚ್ಚು. ತಂದು ನೋಡಿ ಹಿಂದಿರುಗಿಸುವ ಅವಕಾಶವಿದ್ದರೆ ಮಾತ್ರ ಕೊಳ್ಳಿ.

ತೋಟದ ಮನೆ. ಟೆಲಿಸ್ಕೋಪ್ ಇರುವ ಬಯಲು 150 ಮೀಟರ್ ದೂರ. ಏನು ಮಾಡುವುದು?

ಈಥರ್ನೆಟ್ ಕೇಬಲಿನ ಮಿತಿ 100 ಮೀಟರ್. ಇಲ್ಲಿ ದಿಕ್ಕು ಹಿಡಿದು ಬೀರುವ ಹೊರಾಂಗಣ ರೇಡಿಯೊ ಜೋಡಿ ಬೇಕು. ಟಿಪಿ-ಲಿಂಕ್ ಸಿಪಿಇ510 (5 ಗಿಗಾಹರ್ಟ್ಸ್, 13 ಡಿಬಿಐ; ಡಿಬಿಐ ಎಂದರೆ ಆಂಟೆನಾ ಸಿಗ್ನಲನ್ನು ಒಂದು ಕಡೆಗೆ ಎಷ್ಟು ಒಟ್ಟುಗೂಡಿಸುತ್ತದೆ ಎಂಬ ಅಳತೆ), ಸಿಪಿಇ210 (2.4, 9 ಡಿಬಿಐ), ಯುಬಿಕ್ವಿಟಿಯ ನ್ಯಾನೋಸ್ಟೇಷನ್ ಲೋಕೊ ಈ ಬಗೆಯವು. ಒಂದನ್ನು ಆಕ್ಸೆಸ್ ಪಾಯಿಂಟ್, ಇನ್ನೊಂದನ್ನು ಕ್ಲೈಂಟ್ ಮೋಡಿಗೆ ಹಾಕಿ, ಮೊದಲು ಒಂದೇ ಮೇಜಿನ ಮೇಲೆ ಕೆಲಸ ಮಾಡಿಸಿ ನೋಡಿ, ಆಮೇಲೆ ಕಂಬಕ್ಕೇರಿಸಿ.

ಇವೆರಡೂ ಒಂದನ್ನೊಂದು ನೋಡಬೇಕು. ನೋಟದ ರೇಖೆಯಷ್ಟೇ ಖಾಲಿಯಿದ್ದರೆ ಸಾಲದು, ಅದರ ಸುತ್ತ ಒಂದು ದುಂಡು ಜಾಗವೂ ಖಾಲಿ ಇರಬೇಕು. 100 ಮೀಟರ್ ದೂರಕ್ಕೆ ನಡುವಿನಲ್ಲಿ ಆ ಜಾಗದ ತ್ರಿಜ್ಯ 5 ಗಿಗಾಹರ್ಟ್ಸ್‌ನಲ್ಲಿ ಸುಮಾರು 1.2 ಮೀಟರ್, 2.4ರಲ್ಲಿ 1.8 ಮೀಟರ್. ಅಡಿಕೆ ತೋಟದ ನಡುವೆ ಇದು ಕಷ್ಟ, ಒದ್ದೆ ಎಲೆ ಸಿಗ್ನಲನ್ನು ಚೆನ್ನಾಗಿಯೇ ಹೀರುತ್ತದೆ. ಗದ್ದೆಯ ಕಡೆಯಿಂದ, ಇಲ್ಲವೇ ಸೋಗೆಗಳ ಕೆಳಗೆ ಕಾಂಡಗಳ ಸಾಲಿನ ನಡುವಿನ ಓಣಿಯಲ್ಲಿ ದಾರಿ ಹುಡುಕಿ.

ಈ ರೇಡಿಯೊಗಳಲ್ಲಿ ಹಲವಕ್ಕೆ ಈಥರ್ನೆಟ್ ಕೇಬಲಿನಲ್ಲೇ 24 ವೋಲ್ಟ್ ಹೋಗುತ್ತದೆ. ಆ ವಿದ್ಯುತ್ತನ್ನು ಕೇಬಲಿಗೆ ಸೇರಿಸುವ ಇಂಜೆಕ್ಟರಿನ ಪಿಒಇ ಎಂದು ಬರೆದ ತುದಿ ರೇಡಿಯೊಗೆ, ಲ್ಯಾನ್ ಎಂದು ಬರೆದದ್ದು ನಿಮ್ಮ ಪೆಟ್ಟಿಗೆಗೆ. ಅದಲುಬದಲಾದರೆ ಪೆಟ್ಟಿಗೆಯ ಪೋರ್ಟ್ ಸುಟ್ಟುಹೋಗಬಹುದು. ಕತ್ತಲಲ್ಲಿ ಜೋಡಿಸುವವರು ಕೇಬಲಿಗೆ ಕೆಂಪು ಟೇಪು ಸುತ್ತಿಟ್ಟುಕೊಳ್ಳಿ. ದೂರ 20, 30 ಮೀಟರಷ್ಟೇ ಆದರೆ ಪ್ರಸರಣದ ಶಕ್ತಿಯನ್ನು ತಗ್ಗಿಸಿ. ಹತ್ತಿರದಲ್ಲಿ ಕಿರುಚಿದರೆ ಇನ್ನೊಂದರ ಕಿವಿ ಮುಚ್ಚುತ್ತದೆ.

ಊರಾಚೆ ಕತ್ತಲ ಜಾಗಕ್ಕೆ ಹೋದಾಗ ಇಂಟರ್ನೆಟ್ಟೇ ಇರುವುದಿಲ್ಲವಲ್ಲ?

ಬೇಕಾಗಿಯೂ ಇಲ್ಲ. ನಕ್ಷತ್ರ ಗುರುತಿಸುವ ಪ್ಲೇಟ್ ಸಾಲ್ವಿಂಗ್ ಪೆಟ್ಟಿಗೆಯಲ್ಲೇ ನಡೆಯುತ್ತದೆ, ಸಮಯ ಮತ್ತು ಸ್ಥಳವನ್ನು ಫೋನು ಕೊಡುತ್ತದೆ. ಮಿನಿ ಪಿಸಿಯಾದರೆ ನಕ್ಷತ್ರಗಳ ದತ್ತಾಂಶವನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಕಾರಿನಲ್ಲಿ ಕೂತು ನೋಡಬೇಕಾದರೆ ಜಿಎಲ್ ಐನೆಟ್‌ನಂಥ ಕಂಪನಿಗಳ ಅಂಗೈಯಗಲದ ಟ್ರಾವೆಲ್ ರೂಟರ್ ಸಾಕು. ಚಿಕ್ಕವು 5 ವೋಲ್ಟಿನಲ್ಲಿ 2, 3 ವ್ಯಾಟ್ ತಿನ್ನುತ್ತವೆ, 8 ಗಂಟೆಗೆ 24 ವ್ಯಾಟ್-ಅವರ್ ಮೀರುವುದಿಲ್ಲ. ಸಾಮಾನ್ಯ 10,000 ಎಂಎಎಚ್ ಪವರ್‌ಬ್ಯಾಂಕ್ ರಾತ್ರಿ ಪೂರ್ತಿ ತಡೆಯುತ್ತದೆ. ಕಾರಿನ ಬಾಗಿಲು ಮುಚ್ಚಿದರೆ ಸಿಗ್ನಲ್ ಇಳಿಯುವುದು ಸಹಜ, ಲೋಹದ ಡಬ್ಬಿಯೊಳಗೆ ಕೂತಿದ್ದೀರಿ.

ಮೌಂಟಿನ ವೈಫೈ ಮನೆಯ ರೂಟರಿಗೆ ಸೇರುವುದೇ ಇಲ್ಲ.

ಸ್ಕೈವಾಚರ್ ಕಂಪನಿಯ ಸಿನ್‌ಸ್ಕ್ಯಾನ್ ವೈಫೈ (ಮೌಂಟಿಗೆ ಚುಚ್ಚುವ ಅಡಾಪ್ಟರ್), ಎಝಡ್-ಜಿಟಿಐ ಮೌಂಟ್ ಇವೆಲ್ಲ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ರೂಟರಿನಲ್ಲಿ 2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರು ಕೊಡಿ, ಭದ್ರತೆಯನ್ನು ಡಬ್ಲ್ಯುಪಿಎ3 ಬದಲು ಡಬ್ಲ್ಯುಪಿಎ2ಕ್ಕೆ ಇಳಿಸಿ. ಸಿನ್‌ಸ್ಕ್ಯಾನ್‌ನದೇ ಹಾಟ್‌ಸ್ಪಾಟಿನಲ್ಲಿ ವಿಳಾಸ 192.168.4.1. ನಮ್ಮ ಸಲಹೆ ಕೇಳಿದರೆ, ಮೌಂಟಿನ ವೈಫೈಯನ್ನು ಬರೀ ಕಣ್ಣಿನ ವೀಕ್ಷಣೆಗೆ ಇಟ್ಟುಕೊಳ್ಳಿ. ಫೋಟೊಗೆ ಯುಎಸ್‌ಬಿ ಅಥವಾ ಇಕ್ಯೂಡಿಐಆರ್ ಕೇಬಲ್ (ಮೌಂಟನ್ನು ನೇರ ಕಂಪ್ಯೂಟರಿಗೆ ಸೇರಿಸುವುದು).

ಮಿನಿ ಪಿಸಿಯ ರಿಮೋಟ್ ಡೆಸ್ಕ್‌ಟಾಪ್ ತಡವರಿಸುತ್ತದೆ.

ವಿಂಡೋಸ್ ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪಿಗೆ ಬಾಗಿಲು ತೆರೆಯುವುದಿಲ್ಲ, ಪ್ರೊ ಬೇಕು. ಪರದೆಯ ಬಣ್ಣ 16 ಬಿಟ್‌ಗೆ, ಗಾತ್ರ 1280 × 720ಕ್ಕೆ ಇಳಿಸಿ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಉಳಿಸುವ ಗುರುತು ತೆಗೆಯಿರಿ, ವಿಂಡೋಸ್ ಹಾಟ್‌ಸ್ಪಾಟ್ ಬಳಸಿದರೆ ಅದರಲ್ಲೂ ಪವರ್ ಸೇವಿಂಗ್ ಆಫ್ ಮಾಡಿ. ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಇರಲಿ. ರಿಮೋಟ್ ಕಿಟಕಿ ಮುಚ್ಚಿದರೂ ಒಳಗೆ ನೀನಾ ಓಡುತ್ತಲೇ ಇರುತ್ತದೆ, ಆದರೆ ಸೈನ್ ಔಟ್ ಒತ್ತಿದರೆ ಎಲ್ಲ ಮುಗಿಯಿತು.

ಕರೆಂಟು ಹೋಗಿ ಬಂದ ಮೇಲೆ ಟೆಲಿಸ್ಕೋಪ್ ಕಾಣುವುದಿಲ್ಲ.

ರೂಟರ್ ಮತ್ತೆ ಏಳುವಾಗ ಪೆಟ್ಟಿಗೆಗೆ ಹೊಸ ಐಪಿ ಕೊಟ್ಟಿರುತ್ತದೆ. ರೂಟರಿನ ಡಿಎಚ್‌ಸಿಪಿ ರಿಸರ್ವೇಷನ್‌ನಲ್ಲಿ ಪೆಟ್ಟಿಗೆಯ ಮ್ಯಾಕ್ ವಿಳಾಸಕ್ಕೆ (ಉಪಕರಣದ ಗುರುತಿನ ಸಂಖ್ಯೆ) ಒಂದು ಐಪಿಯನ್ನು ಕಾಯಂ ಮಾಡಿ. 12 ವೋಲ್ಟಿನ ರೂಟರ್ ಯುಪಿಎಸ್ ಒಂದನ್ನು ಕೆಳಗೂ ಒಂದನ್ನು ಮೇಲೂ ಇಡಿ. ಫೈಬರಿನ ಪೆಟ್ಟಿಗೆ ಆರಿದರೂ ತೊಂದರೆಯಿಲ್ಲ, ಮನೆಯೊಳಗಿನ ನೆಟ್‌ವರ್ಕಿಗೆ ರೂಟರ್ ಎಚ್ಚರವಿದ್ದರೆ ಸಾಕು. ಎರಡೂ ಒಂದೇ ಪೆಟ್ಟಿಗೆಯಾಗಿದ್ದರೆ ಅದಕ್ಕೂ ಯುಪಿಎಸ್ ಬೇಕೇ ಬೇಕು.

ದೊಡ್ಡ ಆಂಟೆನಾ ಅಥವಾ ಬೂಸ್ಟರ್ ಹಾಕಿದರೆ?

ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್ ರೂಟರಿನ ಕೂಗನ್ನಷ್ಟೇ ದೊಡ್ಡದು ಮಾಡುತ್ತದೆ, ಟೆಲಿಸ್ಕೋಪ್ ಪೆಟ್ಟಿಗೆಯ ಪಿಸುಮಾತು ರೂಟರಿಗೆ ಕೇಳುವುದಿಲ್ಲ. ಫೋನಿನಲ್ಲಿ ಕಡ್ಡಿ ತುಂಬ ಕಂಡರೂ ಕೆಲಸ ನಡೆಯದಿರುವುದು ಇದರಿಂದಲೇ. ಒಳ್ಳೆಯ ಆಂಟೆನಾ ಎರಡೂ ದಿಕ್ಕಿಗೆ ನೆರವಾಗುತ್ತದೆ. ಆದರೆ ಡಿಬಿಐ ಹೆಚ್ಚಿದಷ್ಟೂ ಉದ್ದಿನ ವಡೆ ದೋಸೆಯಂತೆ ಚಪ್ಪಟೆಯಾಗುತ್ತದೆ, ಸಮತಲದಲ್ಲಿ ದೂರ ಹೋಗುತ್ತದೆ, ಮೇಲಕ್ಕೆ ಕೆಳಕ್ಕೆ ಇನ್ನೂ ಕಡಿಮೆ. ಕೆಳಗಿನ ಮನೆಯಿಂದ ತಾರಸಿಗೆ 9 ಡಿಬಿಐ ಕಡ್ಡಿ ಹಾಕಿ ನೆಟ್ಟಗೆ ನಿಲ್ಲಿಸಿದರೆ ಮೊದಲಿದ್ದದ್ದೂ ಹೋಗುತ್ತದೆ. ಕೊಳ್ಳುವ ಮುನ್ನ ಕನೆಕ್ಟರ್ ನೋಡಿ: ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಹೊರಗಿನಿಂದ ಒಂದೇ ಥರ ಕಾಣುತ್ತವೆ, ತಿರುಪಿಗೂ ಹೊಂದುತ್ತವೆ, ಆದರೆ ನಡುವಿನ ಸೂಜಿ ಎರಡರಲ್ಲೂ ಇಲ್ಲದೆ ಸಂಪರ್ಕವೇ ಆಗದಿರಬಹುದು. ಮೊಬೈಲ್ ಸಿಗ್ನಲ್ ಬೂಸ್ಟರ್ ಇದಕ್ಕೆ ಸಂಬಂಧವಿಲ್ಲದ ವಸ್ತು, ಅನುಮತಿಯಿಲ್ಲದೆ ಹಾಕುವುದು ಕಾನೂನುಬಾಹಿರ ಕೂಡ.

ರೂಟರನ್ನು ಹೊರಗೇ ಬಿಡಬಹುದೇ? ಇಬ್ಬನಿ, ಮಳೆ, ಸಿಡಿಲು?

ಡಿಸೆಂಬರ್, ಜನವರಿಯ ರಾತ್ರಿ ಇಬ್ಬನಿ ಹನಿಯಾಗಿ ಸುರಿಯುತ್ತದೆ. ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ತನ್ನಿ, ಲೋಹದ್ದು ಬೇಡ. ಕೇಬಲ್ ಗ್ಲ್ಯಾಂಡ್ (ಕೇಬಲ್ ತೂರುವ, ನೀರು ತಡೆಯುವ ಬಿರಡೆ) ಬಾಕ್ಸಿನ ತಳಭಾಗದಲ್ಲಿರಲಿ, ಕೇಬಲ್ ಒಳಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬೇಸಿಗೆಯ ಹಗಲಿನಲ್ಲಿ ಮುಚ್ಚಿದ ಬಾಕ್ಸ್ ಒಲೆಯಾಗುತ್ತದೆ, ಬಳಸದಾಗ ರೂಟರ್ ತೆಗೆದು ಒಳಗಿಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುನ್ನ ಈಥರ್ನೆಟ್ ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತಿಡಿ. ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ತಾರಸಿಯ ಉದ್ದ ತಂತಿಯಲ್ಲಿ ಹುಟ್ಟುವ ಏರಿಳಿತ ರೂಟರಿನಿಂದ ಹಿಡಿದು ಟಿವಿಯವರೆಗೆ ಸುಡಬಲ್ಲದು. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡುವುದು ಒಳ್ಳೆಯ ಅರ್ತಿಂಗ್ ಇದ್ದರೆ ಮಾತ್ರ. ಟೆಲಿಸ್ಕೋಪ್ ಕಾಯಂ ಹೊರಗೇ ಇರುವುದಾದರೆ ಎರಡು ಮೀಡಿಯಾ ಕನ್ವರ್ಟರುಗಳ (ಈಥರ್ನೆಟ್ಟನ್ನು ಫೈಬರಿಗೆ, ಫೈಬರನ್ನು ಈಥರ್ನೆಟ್ಟಿಗೆ ಬದಲಿಸುವ ಸಾಧನ) ನಡುವೆ ಲೋಹದ ಎಳೆ ಇಲ್ಲದ ಫೈಬರ್ ಎಳೆಸಿ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, 100 ಮೀಟರಿನ ಮಿತಿಯೂ ಇಲ್ಲ. ಮೇಲಿನ ಕನ್ವರ್ಟರಿಗೆ ಕರೆಂಟನ್ನು ಟೆಲಿಸ್ಕೋಪಿನ ಬ್ಯಾಟರಿಯಿಂದಲೇ ಕೊಡಿ, ಇಲ್ಲದಿದ್ದರೆ ಸಿಡಿಲು ಪ್ಲಗ್ಗಿನ ದಾರಿಯಲ್ಲಿ ಬರುತ್ತದೆ.